ಒಂದೂವರೆ ಇಂಚಿನ ಗಾಜು

ನಾಗ್ಪುರದಿಂದ ಮುಂಬಯಿ ಕಡೆಗೆ ಹೊರಟ ರೈಲು ವರ್ಧಾ ದಾಟಿ, ಪುಲಗಾಂವ್ ಬಿಟ್ಟ ಮೇಲೆ ಒಂದು ನದಿಯ ಸೇತುವೆ ಸಿಗುತ್ತದೆ. ಅದು ವರ್ಧಾ ನದಿ. ಸೇತುವೆ ದಾಟಿದ ಮೇಲೆ ಬರುವ ಸಣ್ಣ ನಿಲ್ದಾಣ ತಳಣಿ. ದೊಡ್ಡ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಕಿಟಕಿಯ ಪಕ್ಕ ಕೂತು ಹೆಸರಿನ ಹಲಗೆ ಓದಬೇಕೆಂದರೂ ಎಚ್ಚರವಾಗಿರಬೇಕು. ಸುತ್ತ ಹತ್ತಿ, ತೊಗರಿ, ಸೋಯಾ ಹೊಲಗಳು.

1898ರ ಜನವರಿಯಲ್ಲಿ ಈ ನದಿಯ ಎರಡೂ ದಂಡೆಗಳಲ್ಲಿ ಇಂಗ್ಲೆಂಡಿನಿಂದ ಬಂದ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದರು. ಆಗ ನದಿಯೇ ಗಡಿ. ಪುಲಗಾಂವ್ ಇದ್ದದ್ದು ನಾಗ್ಪುರ ರಾಜಧಾನಿಯಾಗಿದ್ದ ಸೆಂಟ್ರಲ್ ಪ್ರಾವಿನ್ಸಸ್‌ನಲ್ಲಿ. ತಳಣಿ ಇದ್ದದ್ದು ಬೇರಾರಿನಲ್ಲಿ. ಬೇರಾರು ಹೆಸರಿಗೆ ಹೈದರಾಬಾದಿನ ನಿಜಾಮರದು, ಆಡಳಿತ ಬ್ರಿಟಿಷರದು. ಪುಲಗಾಂವ್ ಕಡೆ ಕೇಂಬ್ರಿಜ್‌ನ ನ್ಯೂಆಲ್ ಮತ್ತು ಸೇನೆಯ ಕ್ಯಾಪ್ಟನ್ ಹಿಲ್ಸ್ ಅವರ ಅಧಿಕೃತ ತಂಡ. ತಳಣಿ ಕಡೆ ಹವ್ಯಾಸಿಗಳ ಕೂಟವೊಂದರ ನಾಲ್ಕಾರು ಜನ. ಅವರಲ್ಲಿ ಒಬ್ಬ ದಂಪತಿ: ವಾಲ್ಟರ್ ಮಾಂಡರ್, ಆ್ಯನಿ ಮಾಂಡರ್. ಆ್ಯನಿಯವರ ಸಾಮಾನಿನಲ್ಲಿ ಒಂದೂವರೆ ಇಂಚು ಅಗಲದ ಲೆನ್ಸು ಹಾಕಿದ ಒಂದು ಪುಟ್ಟ ಕ್ಯಾಮೆರಾ ಇತ್ತು. ಈ ಬರಹ ಮುಖ್ಯವಾಗಿ ಆ ಲೆನ್ಸಿನ ಕುರಿತು.

ಎಲ್ಲರೂ ಬಂದದ್ದು ಸೂರ್ಯಗ್ರಹಣಕ್ಕೆ. ಜನವರಿ 22, ಶನಿವಾರ. ನಮ್ಮ ಪಂಚಾಂಗದಲ್ಲಿ ಹೇವಿಳಂಬಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆ. ಚಂದ್ರನ ನೆರಳು ಕೊಂಕಣದ ವಿಜಯದುರ್ಗದ ಹತ್ತಿರ ನೆಲ ಮುಟ್ಟಿ, ಸೊಲ್ಲಾಪುರ ಜಿಲ್ಲೆಯ ಉತ್ತರದ ತುದಿ ಹಾಯ್ದು, ಬೇರಾರು, ಶಹಡೋಲ್, ಬಕ್ಸರ್ ಮೇಲಿಂದ ಹಿಮಾಲಯದತ್ತ ಹೋಗುವುದಿತ್ತು. ಪೂರ್ಣ ಕತ್ತಲೆ ಸುಮಾರು ಎರಡು ನಿಮಿಷ. ಆ ಎರಡು ನಿಮಿಷಕ್ಕಾಗಿ ವಿಜಯದುರ್ಗದಲ್ಲಿ ನಾರ್ಮನ್ ಲಾಕ್ಯರ್, ಶಹಡೋಲಿನಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಕ್ರಿಸ್ಟಿ, ಬಕ್ಸರಿನ ಗಂಗೆಯ ದಡದಲ್ಲಿ ಮಗಳೊಂದಿಗೆ ಬಂದ ಪಾದ್ರಿ ಬೇಕನ್ ಬೀಡುಬಿಟ್ಟಿದ್ದರು. (ಹೀಲಿಯಂ ಅನ್ನು ಲಾಕ್ಯರ್ 1868ರಲ್ಲಿ ವಿಜಯದುರ್ಗದ ಕೋಟೆಯಿಂದ ಕಂಡುಹಿಡಿದರೆಂಬ ಕತೆ ಮೊಬೈಲಿನಲ್ಲಿ ಆಗಾಗ ಸುತ್ತುತ್ತದೆ. 1868ರಲ್ಲಿ ಲಾಕ್ಯರ್ ಇಂಗ್ಲೆಂಡಿನಲ್ಲೇ ಇದ್ದರು. ವಿಜಯದುರ್ಗಕ್ಕೆ ಬಂದದ್ದು ಈ 1898ರಲ್ಲಿ. 1868ರ ಗ್ರಹಣಕ್ಕೆ ಕನ್ನಡ ನೆಲದಲ್ಲಿ ಉಪಕರಣ ಹೂಡಿದವರು ಲೆಫ್ಟಿನೆಂಟ್ ಜಾನ್ ಹರ್ಷಲ್, ನಮ್ಮ ಜಮಖಂಡಿಯಲ್ಲಿ.)

ದೇಶದ ಸ್ಥಿತಿ ಹೇಗಿತ್ತೆಂಬುದನ್ನೂ ಹೇಳಬೇಕು. ಮುಂಬಯಿಗೆ 1896ರಲ್ಲಿ ಕಾಲಿಟ್ಟ ಪ್ಲೇಗು ಇನ್ನೂ ಹೋಗಿರಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ರೈಲು ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡಬಹುದಿತ್ತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯಾಗಿ ಏಳು ತಿಂಗಳಾಗಿತ್ತು. ಮಧ್ಯಭಾರತ 1896–97ರ ಬರದಿಂದ ಆಗತಾನೇ ಚೇತರಿಸಿಕೊಳ್ಳುತ್ತಿತ್ತು. ಕ್ಯಾಮೆರಾ ಪೆಟ್ಟಿಗೆಗಳು ಸಾಗಿದ್ದು ಇದೇ ಹಳಿಗಳ ಮೇಲೆ. ಗ್ರಹಣ ಯಾತ್ರೆಗಳ ವರದಿ ಓದುವಾಗ ಈ ಎರಡು ಚಿತ್ರಗಳನ್ನು ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಳ್ಳುವುದು ನನಗೆ ಸುಲಭವಾಗುವುದಿಲ್ಲ.

ಲೆನ್ಸುಗಳಿಗೆ ಬರೋಣ. ಆ ದಿನ ಭಾರತದಲ್ಲಿದ್ದ ಅತ್ಯಂತ ಉದ್ದದ ಕ್ಯಾಮೆರಾಗಳಲ್ಲಿ ಒಂದು ನಿಂತಿದ್ದದ್ದು ಜೇವೂರಿನಲ್ಲಿ. ಸೊಲ್ಲಾಪುರ ಜಿಲ್ಲೆ ಎಂದಾಗ ನಮಗೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ನೆನಪಾಗುತ್ತದೆ. ಜೇವೂರು ಅದೇ ಜಿಲ್ಲೆಯ ಉತ್ತರದಲ್ಲಿ, ಕರಮಾಳಾ ತಾಲ್ಲೂಕಿನಲ್ಲಿದೆ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಿಂದ ಡಬ್ಲ್ಯು. ಡಬ್ಲ್ಯು. ಕ್ಯಾಂಪ್‌ಬೆಲ್ ಅಲ್ಲಿಗೆ ಬಂದರು, ಹೆಂಡತಿ ಎಲಿಜಬೆತ್ ಜೊತೆಗೆ. ಪುಣೆಯ ಸೈನ್ಸ್ ಕಾಲೇಜಿನ ಕಾವಸ್‌ಜಿ ದಾದಾಭಾಯ್ ನೇಗಂವಾಲಾ ತಮ್ಮ ತಂಡದೊಂದಿಗೆ ಅಲ್ಲೇ ಇದ್ದರು. ಭಾರತೀಯರೊಬ್ಬರು ಮುಂದೆ ನಿಂತು ನಡೆಸಿದ ತಂಡ ಅದು. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

ಕ್ಯಾಂಪ್‌ಬೆಲ್ ಒಯ್ದ ಕ್ಯಾಮೆರಾದ ಉದ್ದ 40 ಅಡಿ. ಐದು ಇಂಚು ಅಗಲದ ಲೆನ್ಸನ್ನು ಗೋಪುರದ ಮೇಲೆ ಕೂರಿಸಿ, ಅಲ್ಲಿಂದ ಕೆಳಗಿನ ಪ್ಲೇಟಿನ ತನಕ ಬೆಳಕು ನುಸುಳದ ಕೊಳವೆ ಇಳಿಬಿಡಬೇಕು. ಭೂಮಿ ತಿರುಗುತ್ತಿರುವುದರಿಂದ ಅಷ್ಟು ಉದ್ದದ ಕ್ಯಾಮೆರಾದಲ್ಲಿ ಸೂರ್ಯನ ಬಿಂಬ ಸೆಕೆಂಡಿಗೆ ಹತ್ತಿರಹತ್ತಿರ ಒಂದು ಮಿಲಿಮೀಟರ್ ಸರಿಯುತ್ತದೆ; ಅದಕ್ಕೆ ಸರಿಯಾಗಿ ಪ್ಲೇಟನ್ನು ಗಡಿಯಾರದ ಯಂತ್ರ ಎಳೆಯುತ್ತಿರಬೇಕು. ಇಷ್ಟೆಲ್ಲ ಮಾಡಿದರೆ ಪ್ಲೇಟಿನ ಮೇಲೆ ಸೂರ್ಯ ನಾಲ್ಕೂವರೆ ಇಂಚಿನವನಾಗುತ್ತಾನೆ, ಒಂದು ಸಣ್ಣ ತಟ್ಟೆಯಷ್ಟು. ಸೂರ್ಯನ ಅಂಚಿನ ಜ್ವಾಲೆಗಳು, ಅದಕ್ಕಂಟಿದ ಪ್ರಭಾವಲಯದ ಒಳಪದರಗಳು ಎಳೆಎಳೆಯಾಗಿ ಕಾಣುತ್ತವೆ. ಕ್ಯಾಂಪ್‌ಬೆಲ್‌ಗೆ ಬೇಕಿದ್ದದ್ದು ಅದು. ಸಿಕ್ಕಿತು ಕೂಡ.

ಇಂಥ ಸಾಮಾನು ಕಟ್ಟುವುದು ಸಾಧ್ಯವಾದದ್ದು ಕಾರ್ಖಾನೆಯಲ್ಲಿ ತಯಾರಾಗುವ ಒಣ ಪ್ಲೇಟುಗಳಿಂದ. ಅವು 1870ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದವು. ಅದಕ್ಕೆ ಮೊದಲು ಕತೆ ಬೇರೆ. 1854ರ ಡಿಸೆಂಬರಿನಲ್ಲಿ ಬೆಂಗಳೂರಿನ ದಂಡಿನ ಅಧಿಕಾರಿ ಲಿನಿಯಸ್ ಟ್ರೈಪ್ ರಜೆಯಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋದಾಗ, ಆ ಗುಡಿಗಳ ಫೋಟೋ ಅದುವರೆಗೆ ಯಾರೂ ತೆಗೆದಿರಲಿಲ್ಲ. ಆಗ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರ ಅಷ್ಟೇ ದೊಡ್ಡದು. ಹಾಗಾಗಿ ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾ, ದೊಡ್ಡ ಲೆನ್ಸು, ಮೇಣ ಹಚ್ಚಿದ ಕಾಗದದ ಸುರುಳಿ, ರಾಸಾಯನಿಕದ ಸೀಸೆ, ಹೊತ್ತು ತರಲು ಎತ್ತಿನ ಗಾಡಿ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನು ಇಟ್ಟು ತೀರ್ಪುಗಾರರ ಮೆಚ್ಚುಗೆ ಪಡೆದರು. ಒಣ ಪ್ಲೇಟು ಬಂದ ಮೇಲೆ ಇದೆಲ್ಲ ಬದಲಾಯಿತು. ಪ್ಲೇಟನ್ನು ಲಂಡನ್ನಿನಲ್ಲಿ ಕೊಂಡು, ಹಡಗಿನಲ್ಲಿ ತಂದು, ಬೇಕಾದಾಗ ಬಳಸಿ, ಪುರುಸೊತ್ತಿನಲ್ಲಿ ತೊಳೆಯಬಹುದು. ಲೆನ್ಸೂ ಚಿಕ್ಕದಾಗಬಹುದು ಎಂಬ ಯೋಚನೆಗೆ ಆಗ ಜಾಗ ಸಿಕ್ಕಿತು.

ಆ್ಯನಿ ಮಾಂಡರ್ ಹುಟ್ಟಿದ್ದು 1868ರಲ್ಲಿ, ಐರ್ಲೆಂಡಿನ ಸ್ಟ್ರಬೇನ್‌ನಲ್ಲಿ. ತವರಿನ ಹೆಸರು ಆ್ಯನಿ ಸ್ಕಾಟ್ ಡಿಲ್ ರಸೆಲ್. ಕೇಂಬ್ರಿಜ್‌ನ ಗಿರ್ಟನ್ ಕಾಲೇಜಿನಲ್ಲಿ ಗಣಿತ ಓದಿ 1889ರಲ್ಲಿ ಪರೀಕ್ಷೆ ಮುಗಿಸಿದರು; ಪದವಿ ಸಿಗಲಿಲ್ಲ, ಏಕೆಂದರೆ ಕೇಂಬ್ರಿಜ್ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದು 1948ರಲ್ಲಿ. 1891ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದರು, ತಿಂಗಳಿಗೆ ನಾಲ್ಕು ಪೌಂಡ್ ಸಂಬಳ. ಸೂರ್ಯನ ಫೋಟೋ ತೆಗೆದು ಕಲೆಗಳನ್ನು ಅಳೆಯುವ ವಿಭಾಗ ಅದು. ಅದರ ಮುಖ್ಯಸ್ಥ ವಾಲ್ಟರ್ ಮಾಂಡರ್, ಐದು ಮಕ್ಕಳ ತಂದೆ, ಹೆಂಡತಿಯನ್ನು ಕಳೆದುಕೊಂಡವರು. 1895ರ ಕೊನೆಯಲ್ಲಿ ಇಬ್ಬರೂ ಮದುವೆಯಾದರು. ಮದುವೆಯಾದ ಹೆಂಗಸು ಸರ್ಕಾರಿ ಕೆಲಸದಲ್ಲಿ ಇರುವಂತಿಲ್ಲ ಎಂಬ ನಿಯಮ. ಆ್ಯನಿ ಕೆಲಸ ಬಿಟ್ಟರು, ವಾಲ್ಟರ್ ಮುಂದುವರಿದರು.

ಹೀಗಾಗಿ 1898ರಲ್ಲಿ ಆಕೆ ತಳಣಿಗೆ ಬಂದದ್ದು ಯಾವ ಸಂಸ್ಥೆಯ ನೌಕರಳಾಗಿಯೂ ಅಲ್ಲ. ಗ್ರೀನಿಚ್‌ನಲ್ಲಿ ಆಕೆಯ ಹಳೆಯ ಮೇಲಧಿಕಾರಿಯಾಗಿದ್ದ ಕ್ರಿಸ್ಟಿ ಶಹಡೋಲಿನಲ್ಲಿ ಅಧಿಕೃತ ಉಪಕರಣಗಳೊಂದಿಗೆ ಇದ್ದರು. ಮಾಂಡರ್ ದಂಪತಿ ಬಂದದ್ದು ಬ್ರಿಟಿಷ್ ಆಸ್ಟ್ರನಾಮಿಕಲ್ ಅಸೋಸಿಯೇಶನ್ ಎಂಬ ಹವ್ಯಾಸಿಗಳ ಸಂಘದ ಪರವಾಗಿ. 1890ರಲ್ಲಿ ಹುಟ್ಟಿದ ಈ ಸಂಘ ಮೊದಲಿಂದಲೂ ಹೆಂಗಸರನ್ನು ಸೇರಿಸಿಕೊಳ್ಳುತ್ತಿತ್ತು. ಎರಡು ವರ್ಷ ಹಿಂದೆ, 1896ರಲ್ಲಿ, ಇದೇ ಸಂಘದ ಜೊತೆ ಇಬ್ಬರೂ ನಾರ್ವೆಯ ವಾಡ್ಸೊಗೆ ಗ್ರಹಣ ನೋಡಲು ಹೋಗಿದ್ದರು. ಅಲ್ಲಿ ಮೋಡ ಕವಿದಿತ್ತು.

ತಳಣಿಗೆ ತಂದ ಲೆನ್ಸು ಆಕೆಯದೇ. 1897ರಲ್ಲಿ ಗಿರ್ಟನ್ ಕಾಲೇಜು ಫೈಫರ್ ಹೆಸರಿನ ಸಂಶೋಧನಾ ವೇತನ ಕೊಟ್ಟಿತು. ಕ್ಷೀರಪಥದ ಹರವನ್ನು ಫೋಟೋಗಳಲ್ಲಿ ಹಿಡಿಯುವುದು ಆಕೆಯ ಯೋಜನೆ. ಆ ಹಣದಲ್ಲಿ ಕೊಂಡದ್ದು ಡಾಲ್ಮೇಯರ್ ಕಂಪನಿಯ ಲೆನ್ಸು: ಅಗಲ ಒಂದೂವರೆ ಇಂಚು, ಸಂಗಮದೂರ ಒಂಬತ್ತು ಇಂಚು, ಅಂದರೆ ಇಂದಿನ ಭಾಷೆಯಲ್ಲಿ ಸುಮಾರು 230 ಮಿಲಿಮೀಟರ್, ಎಫ್ 6. ಆಕಾಶದ ದೊಡ್ಡ ತುಂಡನ್ನು ಒಮ್ಮೆಲೇ ತೋರಿಸುವ, ಮಸುಕಾದ ಬೆಳಕನ್ನು ಬೇಗ ಹಿಡಿಯುವ ಲೆನ್ಸು. ಭಾರತಕ್ಕೆ ಗಂಟು ಕಟ್ಟುವಾಗ ಆಕೆ ಇದನ್ನೇ ಇಟ್ಟುಕೊಂಡರು.

ಇಲ್ಲಿ ಪದದ ಮಾತು ಒಂದು. ಭಾಷಾಂತರದ ಕೆಲಸದಲ್ಲಿ ಲೆನ್ಸ್ ಬಂದಾಗಲೆಲ್ಲ ಸಂಪಾದಕರು ‘ಮಸೂರ’ ಎಂದು ತಿದ್ದುತ್ತಾರೆ. ನಾನು ವಿರೋಧಿಸುವುದಿಲ್ಲ, ಏಕೆಂದರೆ ಆ ಪದದ ಹುಟ್ಟು ಚೆನ್ನಾಗಿದೆ. ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಎಂದರೆ ಬೇಳೆಕಾಳು. ಎರಡೂ ಕಡೆ ಉಬ್ಬಿದ ಗಾಜು ಆ ಕಾಳಿನ ಹಾಗೆ ಕಂಡದ್ದರಿಂದ ಹೆಸರು ಅಂಟಿತು. ನಮ್ಮ ವಿಜ್ಞಾನ ಬರಹಗಾರರು ಅದೇ ಕಾಳಿನ ಸಂಸ್ಕೃತ ಹೆಸರನ್ನು ತಂದು ಮಸೂರ ಎಂದರು. ನಾಗ್ಪುರದ ಕಿರಾಣಿ ಅಂಗಡಿಯಲ್ಲಿ ಮಸೂರ್ ಕೇಳಿದರೆ ಕೆಂಪು ಬೇಳೆ ಕೊಡುತ್ತಾರೆ, ನಮ್ಮ ಕಡೆ ಚನ್ನಂಗಿ ಎನ್ನುವುದನ್ನು. ಮರಾಠಿಯವರು ಗಾಜಿಗೆ ಬೇರೆಯೇ ಪದ ಇಟ್ಟುಕೊಂಡಿದ್ದಾರೆ, ‘ಭಿಂಗ’. ಪ್ರಭಾವಲಯಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕೊರೋನಾ’ ಪದವನ್ನಂತೂ 2020ರ ನಂತರ ಈ ಅರ್ಥದಲ್ಲಿ ಬಳಸುವುದೇ ಕಷ್ಟವಾಗಿದೆ.

ಗ್ರಹಣಕ್ಕೆ ಒಂಬತ್ತು ಇಂಚಿನ ಲೆನ್ಸು ಸಾಲದೆಂದು ಯಾರಿಗಾದರೂ ಅನ್ನಿಸೀತು. ಅದರಲ್ಲಿ ಸೂರ್ಯನ ಬಿಂಬ ಎರಡು ಮಿಲಿಮೀಟರ್, ಒಂದು ಸಾಸಿವೆ ಕಾಳು. ಜೇವೂರಿನ ತಟ್ಟೆ ಎಲ್ಲಿ, ತಳಣಿಯ ಸಾಸಿವೆ ಎಲ್ಲಿ? ಆದರೆ ಲೆಕ್ಕ ಹಾಕಿ ನೋಡಿ. ಐದು ಇಂಚಿನ ಲೆನ್ಸು ಒಂದೂವರೆ ಇಂಚಿನದಕ್ಕಿಂತ ಸುಮಾರು 11 ಪಟ್ಟು ಹೆಚ್ಚು ಬೆಳಕು ಕೂಡಿಸುತ್ತದೆ, ನಿಜ. ಅದೇ ಹೊತ್ತಿಗೆ ಆ ಬೆಳಕನ್ನು ಸುಮಾರು 2,800 ಪಟ್ಟು ಹೆಚ್ಚು ಜಾಗಕ್ಕೆ ಹರಡುತ್ತದೆ. ಒಂದು ಮಿಳ್ಳೆ ತುಪ್ಪವನ್ನು ಒಂದು ಇಡ್ಲಿಯ ಮೇಲೆ ಸುರಿಯುವುದಕ್ಕೂ, ಹನ್ನೊಂದು ಮಿಳ್ಳೆ ತುಪ್ಪವನ್ನು ಇಡೀ ಛತ್ರದ ನೆಲಕ್ಕೆ ಸವರುವುದಕ್ಕೂ ಇರುವ ವ್ಯತ್ಯಾಸ ಇದು. ಪ್ಲೇಟಿನ ಒಂದೊಂದು ಚುಕ್ಕೆಯ ಮೇಲೂ ಪುಟ್ಟ ಲೆನ್ಸಿನ ಬೆಳಕು 256 ಪಟ್ಟು ದಟ್ಟ. ಸೂರ್ಯನ ಅಂಚಿನಲ್ಲಿ ಬೆಳಕು ಧಾರಾಳವಾಗಿರುವುದರಿಂದ ಉದ್ದದ ಕ್ಯಾಮೆರಾ ಅಲ್ಲಿ ಗೆಲ್ಲುತ್ತದೆ. ಸೂರ್ಯನಿಂದ ದೂರ ಹೋದಂತೆ ಪ್ರಭಾವಲಯ ಆಕಾಶದ ಬಣ್ಣಕ್ಕೇ ಕರಗುತ್ತದೆ. ಅಲ್ಲಿ ಎರಡು ನಿಮಿಷದೊಳಗೆ ಏನಾದರೂ ಮೂಡಬೇಕೆಂದರೆ ಬೆಳಕನ್ನು ಚಿಕ್ಕ ಜಾಗಕ್ಕೆ ಒತ್ತಿ ಹಿಡಿಯುವ ಗಾಜೇ ಬೇಕು. ಜೊತೆಗೆ, ಅಷ್ಟು ದೂರದ ಆಕಾಶ ಚೌಕಟ್ಟಿನೊಳಗೆ ಬರಬೇಕು. ನಲವತ್ತು ಅಡಿಯ ಕ್ಯಾಮೆರಾದಲ್ಲಿ ಅದು ಪ್ಲೇಟಿನ ಹೊರಗೇ ಉಳಿಯುತ್ತದೆ.

ಇದು ಹಳೆಯ ಕಾಲದ ಗಣಿತವಷ್ಟೇ ಅಲ್ಲ. ನಮ್ಮ ಮನೆಯಲ್ಲಿ ಈ ಚಳಿಗಾಲದ ತಾಡೋಬಾ ಪ್ರವಾಸಕ್ಕೆ ಯಾವ ಲೆನ್ಸು ಒಯ್ಯಬೇಕೆಂಬ ಚರ್ಚೆ ಎರಡು ವಾರದಿಂದ ನಡೆದಿದೆ. ಹುಬ್ಬಳ್ಳಿಯಿಂದ ಅತ್ತೆ, ಮಾವ ಬರುತ್ತಾರೆ. ನನ್ನ ಗಂಡನಿಗೆ ಸೀತಾಬರ್ಡಿಯ ಅಂಗಡಿಯಿಂದ 150–600 ಮಿಲಿಮೀಟರಿನ ಲೆನ್ಸು ಬಾಡಿಗೆಗೆ ತರುವ ಆಸೆ. ಎರಡು ಕಿಲೋ ತೂಕ. ಹುಲಿ ಸಿಕ್ಕರೆ ಅದರ ಮೀಸೆ ಎಣಿಸಬಹುದು. ಆದರೆ ತುದಿಯಲ್ಲಿ ಅದು ಎಫ್ 6.3, ಬೆಳಗಿನ ಆರು ಗಂಟೆಯ ತೇಗದ ಕಾಡಿನಲ್ಲಿ ಕತ್ತಲೆಯನ್ನೇ ತೋರಿಸುತ್ತದೆ. ಎರಡು ಮೀಟರಿಗಿಂತ ಹತ್ತಿರ ಇರುವುದರ ಮೇಲೆ ಅದು ಕಣ್ಣು ನಿಲ್ಲಿಸುವುದೂ ಇಲ್ಲ. ವೀಡಿಯೋ ಕರೆಯಲ್ಲಿ ಅದರ ಚಿತ್ರ ನೋಡಿ ಅತ್ತೆ ಕೇಳಿದರು: “ಅಷ್ಟ್ ದೊಡ್ಡ ಕೊಳವಿಯೊಳಗ ಜೀಪಿನ್ಯಾಗ ಕುಂತ ನಾವು ನಾಕ್ ಮಂದಿ ಹಿಡಸ್ತೀವೇನವಾ?” ಹಿಡಿಸುವುದಿಲ್ಲ. ನನ್ನ ಓಟು 200 ಗ್ರಾಮಿನ 35 ಮಿಲಿಮೀಟರ್ ಲೆನ್ಸಿಗೆ. ಮೀಸೆ ಬೇಕೋ ಮುಖ ಬೇಕೋ ಎಂದು ಹೊರಡುವ ಮೊದಲೇ ತೀರ್ಮಾನಿಸಬೇಕು. ಕಾಡಿಗೆ ಹೋದ ಮೇಲೆ ಚೀಲದಲ್ಲಿರುವುದಷ್ಟೇ ಕಣ್ಣು.

ಗ್ರಹಣದ ದಿನ ದೇಶದ ಉದ್ದಕ್ಕೂ ಆಕಾಶ ಶುಭ್ರವಾಗಿತ್ತು. ವಾಡ್ಸೊದಲ್ಲಿ ಕೈಕೊಟ್ಟ ಅದೃಷ್ಟ ವಿದರ್ಭದಲ್ಲಿ ಕೈಹಿಡಿಯಿತು. ಆ್ಯನಿಯವರ ಪ್ಲೇಟನ್ನು ತೊಳೆದಾಗ ಕಂಡದ್ದು ಸೂರ್ಯನಿಂದ ಹೊರಟು ನೇರವಾಗಿ ಹೊರಗೆ ಚಾಚಿದ ಒಂದು ಕಿರಣ. ಉದ್ದ ಸೂರ್ಯನ ತ್ರಿಜ್ಯದ 14 ಪಟ್ಟು, ಅಂದರೆ ಸುಮಾರು ಒಂದು ಕೋಟಿ ಕಿಲೋಮೀಟರು. ಅಷ್ಟು ಉದ್ದದ ಪ್ರಭಾಕಿರಣ ಅಲ್ಲಿಯವರೆಗೆ ಯಾರ ಫೋಟೋದಲ್ಲೂ ಸಿಕ್ಕಿರಲಿಲ್ಲ. 1878ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಮೇಲಿಂದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬಹಳ ದೂರ ಚಾಚಿದ ಬೆಳಕನ್ನು ಬರಿಗಣ್ಣಲ್ಲಿ ಕಂಡಿದ್ದುಂಟು. ಆದರೆ ಕಣ್ಣಿನಲ್ಲಿ ಕಂಡು ಕೈಯಲ್ಲಿ ಬಿಡಿಸಿದ ಚಿತ್ರಗಳು ಒಬ್ಬರದಿದ್ದಂತೆ ಇನ್ನೊಬ್ಬರದಿರುತ್ತಿರಲಿಲ್ಲ, ವಾದ ಮುಗಿಯುತ್ತಿರಲಿಲ್ಲ. ಪ್ಲೇಟು ಸಾಕ್ಷಿ ಹೇಳುವುದು ಬೇರೆ ರೀತಿ.

ಸಾಕ್ಷಿ ಕೈತಪ್ಪುವುದೂ ಉಂಟು. ಬಕ್ಸರಿನಲ್ಲಿ ಬೇಕನ್ ತಂಡದ ಜೊತೆಗಿದ್ದ ನೆವಿಲ್ ಮ್ಯಾಸ್ಕೆಲಿನ್ ವೃತ್ತಿಯಲ್ಲಿ ಜಾದೂಗಾರ. ಆತ ಗ್ರಹಣವನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದ. ಊರಿಗೆ ಮರಳುವ ದಾರಿಯಲ್ಲಿ ಫಿಲ್ಮಿನ ಡಬ್ಬಿ ಕಳವಾಯಿತು. 1900ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾಕ್ಕೆ ಹೋಗಿ ಮತ್ತೆ ತೆಗೆದ. ಅದು ಉಳಿದಿದೆ, 2019ರಲ್ಲಿ ದುರಸ್ತಿಯಾಗಿ ಎಲ್ಲರಿಗೂ ನೋಡಲು ಸಿಕ್ಕಿದೆ. ಬಕ್ಸರಿನ ಆ ಮಧ್ಯಾಹ್ನ ಮಾತ್ರ ಹೋಯಿತು.

ತಳಣಿಯ ಚಿತ್ರಗಳು 1899ರಲ್ಲಿ ಸಂಘ ಪ್ರಕಟಿಸಿದ ಗ್ರಹಣ ವರದಿಯಲ್ಲಿ ಬಂದವು. ಸಂಪಾದಕರು ವಾಲ್ಟರ್ ಮಾಂಡರ್. ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ 1892ರಲ್ಲಿ ಆ್ಯನಿಯವರ ಹೆಸರನ್ನು ಸೂಚಿಸಿದಾಗ, ಹೆಂಗಸೆಂಬ ಕಾರಣಕ್ಕೆ ಅವರನ್ನೂ ಇನ್ನಿಬ್ಬರನ್ನೂ ಸೇರಿಸಿಕೊಂಡಿರಲಿಲ್ಲ. ಸೇರಿಸಿಕೊಂಡದ್ದು 1916ರಲ್ಲಿ, ತಳಣಿಯಾಗಿ ಹದಿನೆಂಟು ವರ್ಷದ ನಂತರ. ನಡುವೆ 1908ರಲ್ಲಿ ‘ದಿ ಹೆವನ್ಸ್ ಆ್ಯಂಡ್ ದೇರ್ ಸ್ಟೋರಿ’ ಪುಸ್ತಕ ಇಬ್ಬರ ಹೆಸರಿನಲ್ಲೂ ಬಂತು, ಆಕೆಯ ಹೆಸರು ಮೊದಲು. ಇದು ಬಹುಪಾಲು ನನ್ನ ಹೆಂಡತಿಯ ಬರಹವೇ ಎಂದು ವಾಲ್ಟರ್ ಮುನ್ನುಡಿಯಲ್ಲಿ ಒಪ್ಪಿಕೊಂಡರು. ಆ ಕಾಲದ ಗಂಡಂದಿರಲ್ಲಿ ಇದು ಅಪರೂಪವೇ. ಆದರೂ ಇವತ್ತಿಗೂ ಸೂರ್ಯಕಲೆಗಳ ಚರಿತ್ರೆಯಲ್ಲಿ ‘ಮಾಂಡರ್’ ಎಂದಾಗ ಓದುವವರ ಮನಸ್ಸಿಗೆ ಬರುವುದು ಗಂಡಸೊಬ್ಬನೇ.

ತಳಣಿಯ ಡೇರೆಗಳಲ್ಲಿ ಇನ್ನೊಬ್ಬರಿದ್ದರು, ಜಾನ್ ಎವರ್ಶೆಡ್. ಆಗಿನ್ನೂ ಹವ್ಯಾಸಿ. ಅವರು ತಂದಿದ್ದ ಕ್ಯಾಮೆರಾದಲ್ಲಿ ಲೆನ್ಸಿನ ಮುಂದೆ ಪಟ್ಟಕ ಇತ್ತು. ಅವರಿಗೆ ಬೇಕಿದ್ದದ್ದು ಸೂರ್ಯನ ಆಕಾರವಲ್ಲ, ಬೆಳಕಿನ ಬಣ್ಣಗಳ ಗೆರೆಗಳು. ವಾಡ್ಸೊ ಯಾತ್ರೆಯಲ್ಲಿ ಅವರಿಗೆ ಗ್ರಹಣ ಕಾಣಲಿಲ್ಲ, ಆದರೆ ಮೇರಿ ಓರ್ ಪರಿಚಯವಾಗಿತ್ತು. 1906ರಲ್ಲಿ ಇಬ್ಬರೂ ಮದುವೆಯಾಗಿ, ಮರುವರ್ಷ ಕೊಡೈಕನಾಲ್ ವೀಕ್ಷಣಾಲಯಕ್ಕೆ ಬಂದರು. ಸೂರ್ಯಕಲೆಯಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಎವರ್ಶೆಡ್ 1909ರಲ್ಲಿ ಅಲ್ಲೇ ಕಂಡರು. ಅದಕ್ಕೆ ಈಗಲೂ ಅವರದೇ ಹೆಸರು. ಮೇರಿ ಕೊಡೈಕನಾಲಿನಲ್ಲಿ ಸೌರಜ್ವಾಲೆಗಳ ಜೊತೆಗೆ ಡಾಂಟೆ ಕವಿಯ ಖಗೋಳಜ್ಞಾನವನ್ನೂ ಅಧ್ಯಯನ ಮಾಡಿ ಪುಸ್ತಕ ಬರೆದರು.

ಕೊಡೈಕನಾಲಿನ ಆ ವೀಕ್ಷಣಾಲಯ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಭಾಗ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1ರ ಮುಖ್ಯ ಉಪಕರಣ ವೆಲ್ಕ್ ತಯಾರಾದದ್ದು ಇದೇ ಸಂಸ್ಥೆಯ ಹೊಸಕೋಟೆಯ ಕೇಂದ್ರದಲ್ಲಿ. ಚಂದ್ರನಿಗಾಗಿ ಕಾಯದೆ, ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ, ಪ್ರಭಾವಲಯವನ್ನು ನಿತ್ಯ ನೋಡುವ ಯಂತ್ರ ಅದು. ಅದರ ದೃಷ್ಟಿ ಸೂರ್ಯನ ಅಂಚಿಗೆ ತೀರ ಹತ್ತಿರದಿಂದ ಶುರುವಾಗಿ ಮೂರು ತ್ರಿಜ್ಯದವರೆಗೆ. ಅಂಚಿನ ಹತ್ತಿರವೇ ನೋಡಬೇಕೆಂದು ಮೊದಲೇ ತೀರ್ಮಾನಿಸಿ ಕಟ್ಟಿದ್ದು. ಜೇವೂರಿನ ವಂಶದ್ದು, ತಳಣಿಯದಲ್ಲ. ದೂರದ ಕಿರಣಗಳನ್ನು ನೋಡಲು ಬೇರೆ ನೌಕೆಗಳಿವೆ, ಬೇರೆ ಗಾಜುಗಳಿವೆ.

ಆ್ಯನಿ ಮಾಂಡರ್ 1900ರಲ್ಲಿ ಗ್ರಹಣಕ್ಕಾಗಿ ಅಲ್ಜೀರ್ಸ್‌ಗೆ ಹೋದರು, 1901ರಲ್ಲಿ ಮಾರಿಷಸ್‌ಗೆ. ಎರಡೂ ಕಡೆ ಬಿಸಿಲಿತ್ತು, ಪ್ಲೇಟುಗಳು ಸಿಕ್ಕವು. 1905ರಲ್ಲಿ ಕೆನಡಾ ಸರ್ಕಾರದ ಯಾತ್ರೆಯ ಜೊತೆ ಗಂಡ ಹೆಂಡತಿ ಇಬ್ಬರೂ ಲ್ಯಾಬ್ರಡಾರ್ ತಲುಪಿದರು. ಕ್ಯಾಮೆರಾಗಳನ್ನು ಹೂಡಿ, ಪ್ಲೇಟುಗಳನ್ನು ತುಂಬಿ ಕಾದರು. ಗ್ರಹಣದ ದಿನ ಆಕಾಶದ ತುಂಬ ಮೋಡ.